ಮಗನ ಎತ್ತರದ ಚಿಂತೆ, ಮಗಳ ಎತ್ತರದ ಖುಷಿ

ಪ್ರಶ್ನೆ: ನಮ್ಮದು ಕಟಪಾಡಿ ಹತ್ತಿರದ ಶಂಕರಪುರ. ಮಗನಿಗೆ 11 ವರ್ಷ 2 ತಿಂಗಳು, ಆರನೇ ತರಗತಿ. ಎತ್ತರ 129 ಸೆಂ.ಮೀ. ಕಳೆದ ಜೂನ್‌ನಲ್ಲಿ ಶಾಲೆಯ ತಪಾಸಣೆಯಲ್ಲಿ 124.5 ಇತ್ತು. ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಅವನೇ ಮುಂದೆ. ಬೇರೆ ಕಾಯಿಲೆ ಏನೂ ಇಲ್ಲ, ಓದಿನಲ್ಲಿ ಚುರುಕು. ಗಂಡ 170 ಸೆಂ.ಮೀ., ನಾನು 155. ಅವರೂ ಹೈಸ್ಕೂಲಿನಲ್ಲಿ ಗಿಡ್ಡ ಇದ್ದರಂತೆ, ಪಿಯುಸಿಗೆ ಹೋದ ಮೇಲೆ ಉದ್ದ ಆದದ್ದಂತೆ. ಸಂಬಂಧಿಕರೊಬ್ಬರು ಗ್ರೋತ್ ಹಾರ್ಮೋನ್ ಇಂಜೆಕ್ಷನ್ ಕೊಡಿಸಿ, ತಡವಾದರೆ ಆಮೇಲೆ ಏನೂ ಮಾಡಲಿಕ್ಕಾಗುವುದಿಲ್ಲ ಎನ್ನುತ್ತಾರೆ. ಏನು ಮಾಡುವುದು? ಮಗಳ ಬಗ್ಗೆ ಚಿಂತೆ ಇಲ್ಲ. 7 ವರ್ಷ 8 ತಿಂಗಳಿಗೇ ಅಣ್ಣನಿಗಿಂತ 2 ಸೆಂ.ಮೀ. ಹೆಚ್ಚು. ಒಂದೇ ವರ್ಷದಲ್ಲಿ 9 ಸೆಂ.ಮೀ. ಬೆಳೆದಿದ್ದಾಳೆ. ಮೂರು ನಾಲ್ಕು ತಿಂಗಳಿಂದ ಎದೆ ಸ್ವಲ್ಪ ಉಬ್ಬಿದಂತಿದೆ, ಮೈಕೈ ತುಂಬಿಕೊಂಡಿದ್ದಾಳೆ ಅಷ್ಟೇ ಎಂದು ಅತ್ತೆ ಹೇಳುತ್ತಾರೆ.

ಉತ್ತರ: ಪತ್ರದ ತುಂಬ ಮಗನಿದ್ದಾನೆ, ಮಗಳಿಗೆ ಸಿಕ್ಕಿದ್ದು ಕೊನೆಯ ನಾಲ್ಕು ಸಾಲು. ಪೂರ್ತಿ ಓದಿದ ಮೇಲೆ ನಾನು ಮೊದಲು ನೋಡಬೇಕು ಅನ್ನಿಸಿದ್ದು ಮಗಳನ್ನು. ಗಾಬರಿ ಬೇಡ, ರಾತ್ರೋರಾತ್ರಿ ಓಡಿಬರುವ ವಿಷಯವಲ್ಲ. ಆದರೆ ಎರಡು ಮೂರು ವಾರದೊಳಗೆ ಅವಳನ್ನು ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ. ಮಗನಿಗೆ ಇಂಜೆಕ್ಷನ್ ಬೇಕಾಗುವ ಲಕ್ಷಣ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಗಿಡ್ಡ ಇರುವವನು ಕಾಯಬಹುದು, ಉದ್ದ ಇರುವವಳು ಬೇಗ ಬರಬೇಕು ಎಂದರೆ ವಿಚಿತ್ರ ಅನ್ನಿಸಬಹುದು. ಹಾಗಾಗಿ ಮಕ್ಕಳು ಎತ್ತರವಾಗುವ ಬಗೆಯನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಂಗಳೂರಿನ ನನ್ನ ಕ್ಲಿನಿಕ್‌ಗೆ ಬರುವ ತಂದೆ ತಾಯಂದಿರು ಹೆಚ್ಚಾಗಿ ಕೇಳುವುದು, “ಇವನ ಪ್ರಾಯಕ್ಕೆ ಎಷ್ಟು ಎತ್ತರ ಇರಬೇಕು ಡಾಕ್ಟ್ರೇ?” ನಾನು ತಿರುಗಿ ಕೇಳುವುದು, “ಕಳೆದ ವರ್ಷ ಎಷ್ಟಿದ್ದ?” ಈ ಪ್ರಶ್ನೆಗೆ ಹತ್ತರಲ್ಲಿ ಒಂಬತ್ತು ಸಲ ಉತ್ತರ ಇರುವುದಿಲ್ಲ. ನಿಮ್ಮಲ್ಲಿ ಇದೆ, ಅದಕ್ಕಾಗಿ ನಿಮಗೂ ಶಾಲೆಗೂ ಕೃತಜ್ಞತೆ. ಇವತ್ತಿನ ಎತ್ತರ ಎಂದರೆ ಹುಟ್ಟಿದಂದಿನಿಂದ ಕೂಡುತ್ತಾ ಬಂದ ಮೊತ್ತ. ಅದರಲ್ಲಿ ಅಪ್ಪ, ಅಮ್ಮ, ಅಜ್ಜ, ಹುಟ್ಟುವಾಗಿನ ತೂಕ, ಚಿಕ್ಕಂದಿನ ಕಾಯಿಲೆ ಎಲ್ಲ ಸೇರಿರುತ್ತದೆ. ವರ್ಷಕ್ಕೆ ಎಷ್ಟು ಏರಿದ ಎನ್ನುವುದು ಮಾತ್ರ ಈಗ, ಈ ಹೊತ್ತು, ಮೈಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಹೇಳುತ್ತದೆ. ಹಾರ್ಮೋನಿನಲ್ಲಿ ತೊಂದರೆಯಾದರೆ ಮೊದಲು ಬದಲಾಗುವುದು ಈ ವೇಗವೇ.

ವೇಗಕ್ಕೊಂದು ಲೆಕ್ಕ ಇದೆ. ಹುಟ್ಟುವಾಗ ಮಗು ಸುಮಾರು 50 ಸೆಂ.ಮೀ. ಮೊದಲ ವರ್ಷ 25 ಸೆಂ.ಮೀ. ಬೆಳೆಯುತ್ತದೆ, ಎರಡನೇ ವರ್ಷ 10ರಿಂದ 12. ನಾಲ್ಕು ವರ್ಷ ತುಂಬುವಾಗ ಹುಟ್ಟಿದಾಗಿನ ಎರಡರಷ್ಟು, ಅಂದರೆ ಒಂದು ಮೀಟರ್ ಹತ್ತಿರ. ಅಲ್ಲಿಂದ ಹರೆಯ ಬರುವವರೆಗೆ ವರ್ಷಕ್ಕೆ 5ರಿಂದ 6 ಸೆಂ.ಮೀ., ಒಂದೇ ನಡಿಗೆ. ಹರೆಯ ಬಂತೆಂದರೆ ಮತ್ತೆ ಓಟ. ಹುಡುಗಿಯರಲ್ಲಿ ಏರು ವೇಗ ವರ್ಷಕ್ಕೆ ಸುಮಾರು 8 ಸೆಂ.ಮೀ., ಹುಡುಗರಲ್ಲಿ 9ರಿಂದ 10. ಆಮೇಲೆ ಎರಡು ಮೂರು ವರ್ಷದಲ್ಲಿ ನಿಧಾನವಾಗಿ ನಿಲ್ಲುತ್ತದೆ. ಈ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಮಗ 4.5, ಮಗಳು 9. ಏಳು ವರ್ಷದ ಹುಡುಗಿ ಹನ್ನೊಂದು ಹನ್ನೆರಡರ ಹುಡುಗಿಯ ವೇಗದಲ್ಲಿ ಓಡುತ್ತಿದ್ದಾಳೆ.

ಎತ್ತರ ಹೆಚ್ಚುವುದು ಎಲ್ಲಿ? ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡ ಮಗುವಿನ ಎಕ್ಸ್‌ರೇ ಬೆಳಕಿಗೆ ಹಿಡಿದರೆ, ಮೂಳೆಯ ತುದಿಗೆ ಸ್ವಲ್ಪ ಈಚೆ ಅಡ್ಡಕ್ಕೆ ಒಂದು ಕಪ್ಪು ಗೆರೆ ಕಾಣುತ್ತದೆ. “ಇಲ್ಲಿ ಮುರಿದಿದೆಯಾ?” ಎಂದು ಕೇಳದ ತಂದೆ ತಾಯಿ ಕಡಿಮೆ. ಅದು ಮುರಿತವಲ್ಲ, ಬೆಳವಣಿಗೆಯ ಫಲಕ. ಅಲ್ಲಿ ಇನ್ನೂ ಗಟ್ಟಿ ಮೂಳೆಯಾಗದ ಮೃದ್ವಸ್ಥಿಯ ಕಣಗಳು ಸಾಲುಸಾಲಾಗಿ ನಿಂತು ಹೆಚ್ಚುತ್ತಾ, ಉಬ್ಬುತ್ತಾ, ಹಿಂದಿನ ಸಾಲು ಮೂಳೆಯಾಗುತ್ತಾ ಹೋಗುತ್ತವೆ. ತೊಡೆ, ಕಾಲು, ಬೆನ್ನೆಲುಬು ಉದ್ದವಾಗುವುದು ಹೀಗೆ. ಈ ಗೆರೆ ಇರುವವರೆಗೆ ಬೆಳೆಯಲು ಅವಕಾಶ ಇದೆ. ಗೆರೆ ಮುಚ್ಚಿ ಬಿಳಿಯಾದ ಮೇಲೆ ಯಾವ ಇಂಜೆಕ್ಷನ್ನೂ, ಯಾವ ವ್ಯಾಯಾಮವೂ ಒಂದು ಸೆಂ.ಮೀ. ಕೂಡಿಸಲಾರದು. “ತಡವಾದರೆ ಏನೂ ಮಾಡಲಿಕ್ಕಾಗುವುದಿಲ್ಲ” ಎಂದು ನಿಮ್ಮ ಸಂಬಂಧಿಕರು ಹೇಳಿದ್ದರಲ್ಲಿ ಇಷ್ಟು ನಿಜ ಇದೆ. ಆದರೆ ಆ ತಡ ಯಾರಿಗೆ ಆಗುತ್ತಿದೆ ಎನ್ನುವಲ್ಲಿ ಅವರು ತಪ್ಪಿದ್ದಾರೆ.

ಈ ಫಲಕಗಳಿಗೆ ಕೆಲಸ ಹೇಳುವುದು ಹಾರ್ಮೋನುಗಳು. ಎಲ್ಲರಿಗೂ ಗೊತ್ತಿರುವುದು ಗ್ರೋತ್ ಹಾರ್ಮೋನ್. ಮೆದುಳಿನ ಬುಡದಲ್ಲಿ, ಮೂಗಿನ ಹಿಂಭಾಗಕ್ಕೆ ನೇರವಾಗಿ, ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದರ ಮೇಲಿರುವ ಹೈಪೋಥಲಾಮಸ್ ‘ಬಿಡು’ ಎಂದು ಒಂದು ಹಾರ್ಮೋನಿನಿಂದ, ‘ನಿಲ್ಲಿಸು’ ಎಂದು ಇನ್ನೊಂದರಿಂದ ಹೇಳುತ್ತಾ ಇರುತ್ತದೆ. ಅದಕ್ಕೇ ಗ್ರೋತ್ ಹಾರ್ಮೋನ್ ನಳ್ಳಿ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ, ಅಲೆಅಲೆಯಾಗಿ ಬರುತ್ತದೆ. ಅತಿ ದೊಡ್ಡ ಅಲೆ ನಿದ್ದೆ ಹತ್ತಿದ ಮೊದಲ ಒಂದೆರಡು ಗಂಟೆಯ ಗಾಢ ನಿದ್ದೆಯಲ್ಲಿ. ಅದು ಯಕೃತ್ತಿಗೆ ಹೋಗಿ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ಹೊರಡಿಸುತ್ತದೆ. ಫಲಕದೊಳಗೂ ಅದೇ ತಯಾರಾಗುತ್ತದೆ. ಮೂಳೆ ಬೆಳೆಸುವ ಕೆಲಸದ ದೊಡ್ಡ ಪಾಲು ಇದರದು. ಮಗು ಸರಿಯಾಗಿ ಉಣ್ಣದಿದ್ದರೆ ಗ್ರೋತ್ ಹಾರ್ಮೋನ್ ಎಷ್ಟೇ ಇದ್ದರೂ ಐಜಿಎಫ್-1 ಏಳುವುದಿಲ್ಲ. ಹೊಟ್ಟೆಗೆ ಬೀಳದ ಮಗು ಬೆಳೆಯುವುದಿಲ್ಲ ಎಂಬ ಅಜ್ಜಿಯರ ಮಾತಿನ ಹಿಂದೆ ಇರುವುದು ಇದೇ.

ಕೆಲವರು ತಾವಾಗಿಯೇ ಲ್ಯಾಬಿಗೆ ಹೋಗಿ ಗ್ರೋತ್ ಹಾರ್ಮೋನ್ ಪರೀಕ್ಷೆ ಮಾಡಿಸಿ, ‘0.2 ಬಂದಿದೆ’ ಎಂದು ಕೈ ನಡುಗಿಸುತ್ತಾ ಚೀಟಿ ಹಿಡಿದುಕೊಂಡು ಬರುತ್ತಾರೆ. ಹಗಲು ಎರಡು ಅಲೆಗಳ ನಡುವೆ ರಕ್ತ ತೆಗೆದರೆ ಬಾಸ್ಕೆಟ್‌ಬಾಲ್ ಆಡುವ ಹುಡುಗನಲ್ಲೂ ಅದು ಸೊನ್ನೆಯ ಹತ್ತಿರ ಇರಬಹುದು. ಆ ಒಂದು ಅಂಕಿಯಿಂದ ಏನನ್ನೂ ನಿರ್ಧರಿಸಲಾಗದು. ದಯವಿಟ್ಟು ಅದಕ್ಕೆ ಹಣ ಹಾಕಬೇಡಿ.

ಗ್ರೋತ್ ಹಾರ್ಮೋನಿಗೆ ಇಷ್ಟು ಹೆಸರು ಇದೆಯಲ್ಲ, ನಾನು ಹೆಚ್ಚು ಸಲ ಕಂಡ ಹಾರ್ಮೋನ್ ತೊಂದರೆ ಥೈರಾಯ್ಡಿನದ್ದು. ಒಂಬತ್ತು ವರ್ಷದ ಒಬ್ಬ ಹುಡುಗಿ ಮಲಬದ್ಧತೆಗೆಂದು ಬಂದಿದ್ದಳು. ಜಾಣೆ, ಶಾಂತ ಸ್ವಭಾವ, ತರಗತಿಯಲ್ಲಿ ಗಲಾಟೆಯೇ ಇಲ್ಲ ಎಂದು ಟೀಚರ್ ಹೊಗಳುತ್ತಿದ್ದರಂತೆ. ಮಾತಿನ ನಡುವೆ ತಾಯಿ ಹೇಳಿದರು, “ಇವಳದ್ದೊಂದು ಉಪಕಾರ ಡಾಕ್ಟ್ರೇ, ಎರಡು ವರ್ಷದಿಂದ ಅದೇ ಯೂನಿಫಾರ್ಮ್, ಲಂಗದ ಮಡಿಕೆ ಬಿಚ್ಚಲೇ ಇಲ್ಲ.” ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ಬೆಳೆಯುವ ಮಗುವಿನ ಲಂಗದ ಮಡಿಕೆ ಎರಡು ವರ್ಷ ಬಿಚ್ಚದೆ ಇರಲಿಕ್ಕೆ ಸಾಧ್ಯವೇ ಇಲ್ಲ. ಒಣ ಚರ್ಮ, ಊದಿದ ಮುಖ, ಗಂಟಲ ಬುಡದಲ್ಲಿ ಸ್ವಲ್ಪ ಉಬ್ಬು. ಥೈರಾಯ್ಡ್ ಸೋತಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಎಂಬ ಹಾರ್ಮೋನ್ ನೂರು ದಾಟಿತ್ತು. ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವ ಹಾಶಿಮೋಟೊ ಕಾಯಿಲೆ ಅದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಕ್ಸಿನ್ ಮಾತ್ರೆ, ಅಷ್ಟೇ ಚಿಕಿತ್ಸೆ. ಆರು ತಿಂಗಳಲ್ಲಿ ತಾಯಿ ಬಂದು, “ಈಗ ಎದುರು ಮಾತಾಡುತ್ತಾಳೆ” ಎಂದರು. ನನಗೆ ಬಹಳ ಸಂತೋಷವಾಯಿತು.

ಥೈರಾಯ್ಡ್ ಕೊರತೆ ಹುಟ್ಟಿನಿಂದಲೇ ಇದ್ದರೆ ಎತ್ತರಕ್ಕಿಂತ ಮೊದಲು ಹಾಳಾಗುವುದು ಬುದ್ಧಿಯ ಬೆಳವಣಿಗೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೂರು ನಾಲ್ಕು ದಿನದೊಳಗೆ ಮಗುವಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಮಾಡುವ ಪರೀಕ್ಷೆ ಇದನ್ನು ಹಿಡಿಯುತ್ತದೆ. ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಮಗು ಎಲ್ಲರ ಹಾಗೆ ಬೆಳೆಯುತ್ತದೆ. ಬಾಣಂತಿ ಮನೆಯಲ್ಲಿರುವವರು ಇದನ್ನು ಕೇಳಿ ಮಾಡಿಸಿಕೊಳ್ಳಿ.

ಬೆಳವಣಿಗೆಯನ್ನು ತಡೆಯುವ ಹಾರ್ಮೋನೂ ಇದೆ, ಕಾರ್ಟಿಸಾಲ್. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಅದನ್ನು ಹೆಚ್ಚು ಮಾಡುವುದು ಅಪರೂಪ. ನಾವೇ ಹೊರಗಿನಿಂದ ಕೊಡುವುದು ಅಪರೂಪವಲ್ಲ. ದಮ್ಮಿಗೆ, ಕಜ್ಜಿಗೆ ಎಂದು ಹೆಸರು ಬರೆಯದ ಪುಡಿ ಪೊಟ್ಟಣ ತಿಂಗಳುಗಟ್ಟಲೆ ತಿಂದ ಮಕ್ಕಳು ಮುಖ ದುಂಡಗಾಗಿ, ಹೊಟ್ಟೆ ಬಂದು, ಎತ್ತರ ಅಲ್ಲಿಗೇ ನಿಂತು ಬರುತ್ತಾರೆ. ಅದರೊಳಗೆ ಕಾರ್ಟಿಸಾಲಿನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್ ಬೆರೆಸಿದ್ದು ಆಮೇಲೆ ಗೊತ್ತಾಗುತ್ತದೆ. ಅಂಥದ್ದನ್ನು ಒಮ್ಮೆಲೇ ನಿಲ್ಲಿಸಲೂ ಬಾರದು, ವೈದ್ಯರ ನಿಗಾದಲ್ಲಿ ಇಳಿಸಬೇಕು. ಒಂದು ಸುಲಭದ ಗುರುತು ಹೇಳುತ್ತೇನೆ: ಹೆಚ್ಚು ಉಂಡು ದಪ್ಪವಾದ ಮಗು ಸಾಮಾನ್ಯವಾಗಿ ತನ್ನ ಪ್ರಾಯದವರಿಗಿಂತ ಎತ್ತರವೂ ಇರುತ್ತದೆ. ದಪ್ಪವೂ ಆಗಿ ಎತ್ತರವೂ ನಿಂತಿದ್ದರೆ ಹಾರ್ಮೋನ್ ನೋಡಲೇಬೇಕು. ಹಾಗೆಂದು ಅಸ್ತಮಾಕ್ಕೆ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಇನ್‌ಹೇಲರ್ ನಿಲ್ಲಿಸಬೇಡಿ. ಅದರಿಂದ ಕೊನೆಯ ಎತ್ತರದಲ್ಲಿ ಕಡಿಮೆಯಾಗುವುದು ಸುಮಾರು ಒಂದು ಸೆಂ.ಮೀ. ಉಸಿರು ಕಟ್ಟಿ ರಾತ್ರಿಯಿಡೀ ಎದ್ದು ಕೂರುವ ಮಗು ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು.

ಇನ್ನು ಹರೆಯದ ಹಾರ್ಮೋನುಗಳು. ನಿಮ್ಮ ಮಗಳ ವಿಷಯ ಇರುವುದು ಇಲ್ಲಿ. ಹುಡುಗಿಯರಲ್ಲಿ ಈಸ್ಟ್ರೊಜನ್, ಹುಡುಗರಲ್ಲಿ ಟೆಸ್ಟೊಸ್ಟೆರಾನ್ ಬಂದಾಗ ಗ್ರೋತ್ ಹಾರ್ಮೋನಿನ ಅಲೆಗಳು ದೊಡ್ಡದಾಗುತ್ತವೆ, ಎತ್ತರ ಏರುತ್ತದೆ. ಅದೇ ಹೊತ್ತಿಗೆ ಆ ಫಲಕ ಮುಚ್ಚುವ ಕೆಲಸವೂ ಶುರುವಾಗುತ್ತದೆ. ಮುಚ್ಚುವುದು ಗಂಡಸರಲ್ಲೂ ಈಸ್ಟ್ರೊಜನ್ನೇ. ಟೆಸ್ಟೊಸ್ಟೆರಾನಿನ ಒಂದು ಪಾಲು ದೇಹದಲ್ಲಿ ಈಸ್ಟ್ರೊಜನ್ ಆಗಿ ಬದಲಾಗಿ ಈ ಕೆಲಸ ಮಾಡುತ್ತದೆ. ಇದು ಖಚಿತವಾದದ್ದು 1994ರಲ್ಲಿ. ಹುಟ್ಟಿನಿಂದಲೇ ಈಸ್ಟ್ರೊಜನ್ ನಾಟದ ದೇಹದ 28 ವರ್ಷದ ಒಬ್ಬ ಅಮೆರಿಕನ್ನನ ವರದಿ ಆ ವರ್ಷ ಪ್ರಕಟವಾಯಿತು. ಅವನು 204 ಸೆಂ.ಮೀ. ಇದ್ದ, ಫಲಕಗಳು ತೆರೆದೇ ಇದ್ದವು, ಇನ್ನೂ ಬೆಳೆಯುತ್ತಿದ್ದ.

ಅಂದರೆ ಹರೆಯ ಒಂದು ಕೈಯಲ್ಲಿ ಎತ್ತರ ಕೊಡುತ್ತಾ ಇನ್ನೊಂದು ಕೈಯಲ್ಲಿ ಬಾಗಿಲು ಹಾಕುತ್ತಾ ಬರುತ್ತದೆ. ಬರಬೇಕಾದ ಪ್ರಾಯಕ್ಕೆ ಬಂದರೆ ಸರಿ. ಬೇಗ ಬಂದರೆ ಮಗು ಈಗ ತರಗತಿಗೇ ಉದ್ದ ಕಾಣುತ್ತದೆ, ಬಾಗಿಲೂ ಬೇಗ ಮುಚ್ಚುತ್ತದೆ, ದೊಡ್ಡವಳಾದಾಗ ಅವಳೇ ಗಿಡ್ಡ. ಎಂಟನೇ ವಯಸ್ಸಿಗೆ ಎಲ್ಲರಿಗಿಂತ ಎತ್ತರ ಇದ್ದು ಹತ್ತರಲ್ಲಿ ಮುಟ್ಟಾಗಿ 145 ಸೆಂ.ಮೀ. ಹತ್ತಿರ ನಿಂತುಬಿಟ್ಟ ಹುಡುಗಿಯರನ್ನು ನಾನು ನೋಡಿದ್ದೇನೆ. “ಚಿಕ್ಕವಳಿರುವಾಗ ಎಷ್ಟು ಉದ್ದ ಇದ್ದಳು, ಈಗ ಯಾಕೆ ಹೀಗೆ?” ಎಂದು ತಾಯಿ ಕೇಳುತ್ತಾರೆ. ಆ ಹೊತ್ತಿಗೆ ನನ್ನ ಕೈಯಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ನಿಮ್ಮ ಪತ್ರ ಓದಿ ನನಗೆ ನೆನಪಾದದ್ದು ಆ ತಾಯಂದಿರ ಮುಖ.

ಹುಡುಗಿಯರಲ್ಲಿ 8 ವರ್ಷ ತುಂಬುವ ಮೊದಲು ಎದೆ ಬೆಳೆಯಲು ಶುರುವಾದರೆ, ಹುಡುಗರಲ್ಲಿ 9 ತುಂಬುವ ಮೊದಲು ವೃಷಣ ದೊಡ್ಡದಾದರೆ, ಅದನ್ನು ಅಕಾಲಿಕ ಹರೆಯ ಎನ್ನುತ್ತೇವೆ. ನಿಮ್ಮ ಅತ್ತೆ ಹೇಳುವ ಹಾಗೆ ಬರೀ ಕೊಬ್ಬೂ ಇರಬಹುದು. ಕೊಬ್ಬು ಮೆತ್ತಗೆ ಇರುತ್ತದೆ. ತೊಟ್ಟಿನ ಕೆಳಗೆ ಗುಂಡಿಯಷ್ಟು ಗಟ್ಟಿ ಗಂಟು ಇದ್ದು ಅಂಗಿ ತಾಗಿದರೂ ನೋವೆನ್ನುತ್ತಾಳೆ ಎಂದಾದರೆ ಅದು ಸ್ತನದ ಮೊಗ್ಗು. ಕೆಲವೊಮ್ಮೆ ಒಂದೇ ಕಡೆ ಶುರುವಾಗುತ್ತದೆ, ಗಡ್ಡೆ ಎಂದು ಹೆದರಿ ಕೊಯ್ಯಿಸಲು ಹೋಗಬೇಡಿ. ಅವಳ ವಿಷಯದಲ್ಲಿ ನನ್ನ ಅನುಮಾನ ಹೆಚ್ಚಿಸಿದ್ದು ಉಬ್ಬು ಒಂದೇ ಅಲ್ಲ, ಅದರ ಜೊತೆಗಿರುವ ಆ 9 ಸೆಂ.ಮೀ. ಕೊಬ್ಬಿಗೆ ಅಷ್ಟು ವೇಗ ಸಾಮಾನ್ಯವಾಗಿ ಬರುವುದಿಲ್ಲ.

ತಜ್ಞರು ಏನು ಮಾಡುತ್ತಾರೆ? ಮೊದಲು ಎಡಗೈಯ ಒಂದು ಎಕ್ಸ್‌ರೇ. ಮಣಿಕಟ್ಟಿನ ಸಣ್ಣ ಮೂಳೆಗಳು, ಬೆರಳಿನ ಫಲಕಗಳು ಯಾವ ಹಂತದಲ್ಲಿವೆ ಎಂದು ನೋಡಿದರೆ ಮೂಳೆಯ ವಯಸ್ಸು ಸಿಗುತ್ತದೆ. ಏಳೂವರೆ ವರ್ಷದ ಮಗುವಿನ ಕೈ ಹತ್ತು ವರ್ಷದವಳ ಕೈಯಂತೆ ಕಂಡರೆ ಓಟ ನಿಜ. ಬೆಳಿಗ್ಗೆ ರಕ್ತದಲ್ಲಿ, ಹರೆಯ ಶುರುವಾದಾಗ ಪಿಟ್ಯುಟರಿ ಹೊರಡಿಸುವ ಎಲ್‌ಎಚ್ ಎಂಬ ಹಾರ್ಮೋನ್, ಬೇಕಾದರೆ ಒಂದು ಚುಚ್ಚುಮದ್ದು ಕೊಟ್ಟು ಮತ್ತೆ ಅದೇ ಪರೀಕ್ಷೆ, ಗರ್ಭಕೋಶ ಅಂಡಾಶಯಗಳ ಸ್ಕ್ಯಾನ್. ಥೈರಾಯ್ಡನ್ನೂ ನೋಡುತ್ತಾರೆ. ಹುಡುಗಿಯರಲ್ಲಿ ಬಹುಪಾಲು ಬೇರೆ ಯಾವ ಕಾಯಿಲೆಯೂ ಇರುವುದಿಲ್ಲ, ಹೈಪೋಥಲಾಮಸ್ ಬೇಗ ಎಚ್ಚರಗೊಂಡಿರುತ್ತದೆ ಅಷ್ಟೇ. ಆದರೂ ಕೆಲವರಲ್ಲಿ ಮೆದುಳಿನ ಎಂಆರ್‌ಐ ಬೇಕಾಗುತ್ತದೆ, ವಯಸ್ಸು ಆರಕ್ಕಿಂತ ಕಡಿಮೆ ಇದ್ದರೆ ಅಥವಾ ತಲೆನೋವು, ದೃಷ್ಟಿಯ ತೊಂದರೆ ಇದ್ದರೆ ಖಂಡಿತ. ಹುಡುಗರಲ್ಲಿ ಒಳಗೊಂದು ಕಾರಣ ಇರುವ ಸಾಧ್ಯತೆ ಹೆಚ್ಚು, ಹಾಗಾಗಿ ಅವರಲ್ಲಿ ನಾವು ಇನ್ನಷ್ಟು ಜಾಗ್ರತೆ.

ಹರೆಯ ನಿಧಾನವಾಗಿ ಸಾಗುತ್ತಿದ್ದರೆ ಚಿಕಿತ್ಸೆ ಬೇಡ, ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿದರೆ ಸಾಕು. ಓಡುತ್ತಿದ್ದರೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಲ್ಯೂಪ್ರೊಲೈಡ್ ಥರದ ಇಂಜೆಕ್ಷನ್ ಇದೆ. ಹೈಪೋಥಲಾಮಸ್ ಸುಮಾರು ಒಂದೂವರೆ ಗಂಟೆಗೊಮ್ಮೆ ತಟ್ಟಿ ಪಿಟ್ಯುಟರಿಯನ್ನು ಎಬ್ಬಿಸುತ್ತದೆ. ಈ ಔಷಧಿ ಬಿಡುವಿಲ್ಲದೆ ತಟ್ಟುತ್ತದೆ. ಬಿಡುವಿಲ್ಲದ ತಟ್ಟುವಿಕೆಗೆ ಪಿಟ್ಯುಟರಿ ಓಗೊಡುವುದನ್ನೇ ನಿಲ್ಲಿಸುತ್ತದೆ, ಹರೆಯ ಅಲ್ಲಿಗೆ ತಡೆಯುತ್ತದೆ. ಹನ್ನೊಂದರ ಆಸುಪಾಸಿನಲ್ಲಿ ಔಷಧಿ ನಿಲ್ಲಿಸಿದರೆ ಹರೆಯ ಮತ್ತೆ ತನ್ನ ದಾರಿ ಹಿಡಿಯುತ್ತದೆ. “ಮುಂದೆ ಮಕ್ಕಳಾಗುತ್ತವಾ?” ಎಂಬ ಪ್ರಶ್ನೆ ಎಲ್ಲ ಅಜ್ಜಿಯರದ್ದು. ದಶಕಗಳಿಂದ ಬಳಕೆಯಲ್ಲಿದೆ, ಆ ವಿಷಯದಲ್ಲಿ ತೊಂದರೆ ಕಂಡುಬಂದಿಲ್ಲ.

ಯಾಕೆ ಹೀಗೆ ಬೇಗ ಎಂದು ಎಲ್ಲರೂ ಬ್ರಾಯ್ಲರ್ ಕೋಳಿಯ ಕಡೆ ಬೆರಳು ತೋರಿಸುತ್ತಾರೆ. ಆ ಕೋಳಿ ಬೇಗ ಬೆಳೆಯುವುದು ತಳಿ ಮತ್ತು ಆಹಾರದಿಂದ. ಹಾರ್ಮೋನ್ ಚುಚ್ಚಿ ಬೆಳೆಸುತ್ತಾರೆ ಎಂಬ ಮಾತಿಗೆ ಆಧಾರ ಇಲ್ಲ. ಹುಡುಗಿಯರಲ್ಲಿ ಮೈತೂಕ ಹೆಚ್ಚಿದ್ದಷ್ಟೂ ಹರೆಯ ಬೇಗ ಎಂಬುದು ಮಾತ್ರ ಗಟ್ಟಿಯಾಗಿ ಗೊತ್ತಿರುವ ಸಂಗತಿ. 2020ರ ಲಾಕ್‌ಡೌನ್ ನಂತರ ಬೇರೆ ದೇಶಗಳಲ್ಲೂ ನಮ್ಮಲ್ಲೂ ಇಂಥ ಹುಡುಗಿಯರು ಹೆಚ್ಚು ಬಂದರು.

ಈಗ ಮಗ. ಅಪ್ಪ ಅಮ್ಮನ ಎತ್ತರ ಕೂಡಿಸಿ, ಹುಡುಗನಾದರೆ 13 ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸಿ. ನಿಮ್ಮ ಮಗನಿಗೆ 169, ಮಗಳಿಗೆ 156 ಬರುತ್ತದೆ. ಹೆಚ್ಚುಕಡಿಮೆ 8 ಸೆಂ.ಮೀ. ಆಚೀಚೆ ಆಗಬಹುದು. ವರ್ಷಕ್ಕೆ 4.5 ಸೆಂ.ಮೀ. ಎಂದರೆ ಸ್ವಲ್ಪ ಮೆಲ್ಲಗೆ, ಆದರೆ ಹರೆಯಕ್ಕೆ ಮುಂಚಿನ ಹುಡುಗನಲ್ಲಿ, ಅದರಲ್ಲೂ ತಡವಾಗಿ ಬಲಿಯುವ ಮನೆತನದಲ್ಲಿ, ಇದು ಕಾಣುವಂಥದ್ದೇ. ಅಪ್ಪ ಪಿಯುಸಿಯಲ್ಲಿ ಉದ್ದವಾದರು ಎಂದಿರಲ್ಲ, ಪತ್ರದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಸಾಲು ಅದು. ಇಂಥ ಹುಡುಗರ ಮೂಳೆಯ ವಯಸ್ಸು ಎರಡು ವರ್ಷ ಹಿಂದಿರುತ್ತದೆ, ಮೀಸೆ ತಡ, ದನಿ ಒಡೆಯುವುದು ತಡ, ಗೆಳೆಯರೆಲ್ಲ ಬೆಳೆದು ನಿಂತ ಮೇಲೆ ಇವರು ಬೆಳೆಯಲು ಶುರುಮಾಡುತ್ತಾರೆ.

ಆದರೂ ಬರೀ ಅಪ್ಪನ ಕಥೆ ನಂಬಿ ಕೂರಬೇಡಿ. ಗ್ರೋತ್ ಹಾರ್ಮೋನ್ ಕೊರತೆಯಲ್ಲೂ ಥೈರಾಯ್ಡ್ ಕೊರತೆಯಲ್ಲೂ ಮೂಳೆಯ ವಯಸ್ಸು ಹಿಂದೆಯೇ ಇರುತ್ತದೆ, ಬೇರೆ ಮಾಡಿ ತೋರಿಸುವುದು ಆ ವೇಗ. ಶಾಲೆಯಲ್ಲಿ ಅಳೆದದ್ದರಲ್ಲಿ ಒಂದು ಸೆಂ.ಮೀ. ತಪ್ಪಿದ್ದರೆ ನಿಜವಾದ ಏರಿಕೆ 3.5 ಇರಬಹುದು, 5.5 ಇರಬಹುದು. ಎರಡಕ್ಕೂ ಅಜಗಜಾಂತರ. ಹಾಗಾಗಿ ಮಗಳ ಜೊತೆ ಅವನನ್ನೂ ಕರೆದುಕೊಂಡು ಹೋಗಿ ಸರಿಯಾಗಿ ಅಳೆಯಿಸಿ. ಎಡಗೈ ಎಕ್ಸ್‌ರೇ, ಹಿಮೋಗ್ಲೋಬಿನ್, ಥೈರಾಯ್ಡ್, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ, ಐಜಿಎಫ್-1, ಇಷ್ಟು ಆ ದಿನವೇ ಆಗಲಿ. ಎಲ್ಲ ಸರಿ ಇದ್ದರೆ ಆರು ತಿಂಗಳು ಬಿಟ್ಟು ಅದೇ ಕಡೆ ಮತ್ತೆ ಅಳೆಯಿರಿ. ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬಂದರೆ ಗ್ರೋತ್ ಹಾರ್ಮೋನ್ ಪರೀಕ್ಷೆಯ ಮಾತು. 14 ತುಂಬಿದರೂ ಹರೆಯದ ಲಕ್ಷಣವೇ ಇಲ್ಲದಿದ್ದರೆ ಮತ್ತೆ ಬನ್ನಿ, ಕೆಲವು ತಿಂಗಳು ಸಣ್ಣ ಪ್ರಮಾಣದ ಟೆಸ್ಟೊಸ್ಟೆರಾನ್ ಕೊಟ್ಟು ಎಬ್ಬಿಸುವ ಉಪಾಯ ಇದೆ.

ಈ ಗ್ರೋತ್ ಹಾರ್ಮೋನ್ ಪರೀಕ್ಷೆ ನಾನು ಮೊದಲು ಬೇಡವೆಂದ ಒಂದೇ ಸಲದ ರಕ್ತ ಪರೀಕ್ಷೆಯಲ್ಲ, ಒಂದು ಬೆಳಗಿನ ಕೆಲಸ. ಖಾಲಿ ಹೊಟ್ಟೆಯಲ್ಲಿ ಬಂದ ಮಗುವಿಗೆ ಹಾರ್ಮೋನನ್ನು ಎಬ್ಬಿಸುವ ಕ್ಲೋನಿಡಿನ್ ಮಾತ್ರೆ ಕೊಟ್ಟು ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಮಾತ್ರೆಗೆ ರಕ್ತದೊತ್ತಡ ಇಳಿದು ಮಕ್ಕಳು ತಾಯಿಯ ತೊಡೆಯ ಮೇಲೆ ಮಲಗಿಬಿಡುತ್ತಾರೆ. ಬೇರೆ ಬೇರೆ ಎರಡು ಔಷಧಿಗೂ ಹಾರ್ಮೋನ್ ಏಳದಿದ್ದರೆ ಮಾತ್ರ ಕೊರತೆ ಎನ್ನುವುದು, ಆಮೇಲೆ ಪಿಟ್ಯುಟರಿಯ ಎಂಆರ್‌ಐ. ತಡ ಹರೆಯದ ಹುಡುಗರಲ್ಲಿ ಈ ಪರೀಕ್ಷೆ ಸುಳ್ಳು ಕೊರತೆ ತೋರಿಸುವುದುಂಟು. ಅದಕ್ಕೆ ಮುಂಚೆ ಲೈಂಗಿಕ ಹಾರ್ಮೋನ್ ಕೊಟ್ಟು ತಯಾರು ಮಾಡುವ ಕ್ರಮ ಇದೆ. ಈ ಎಚ್ಚರಿಕೆ ಇಲ್ಲದೆ ಇಂಜೆಕ್ಷನ್ ಶುರು ಮಾಡಿಸಿಕೊಂಡ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ನಿಜವಾದ ಕೊರತೆ ಇರುವ ಮಗುವಿಗೆ ಈ ಇಂಜೆಕ್ಷನ್ ದೊಡ್ಡ ವರ. 1958ರಲ್ಲಿ ಮೊದಲ ಸಲ ಒಬ್ಬ ರೋಗಿಯಲ್ಲಿ ಫಲ ಕಂಡಾಗ ಹಾರ್ಮೋನ್ ತೆಗೆದದ್ದು ಮೃತರ ಪಿಟ್ಯುಟರಿಯಿಂದ. ಅದರಿಂದ ಕೆಲವರಿಗೆ ಮೆದುಳಿನ ಮಾರಕ ಕಾಯಿಲೆ ಅಂಟಿದ್ದು ಗೊತ್ತಾಗಿ 1985ರಲ್ಲಿ ಅಮೆರಿಕದಲ್ಲಿ ನಿಲ್ಲಿಸಿದರು. ಅದೇ ವರ್ಷ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಶುದ್ಧ ಹಾರ್ಮೋನಿಗೆ ಅಲ್ಲಿ ಅನುಮತಿ ಸಿಕ್ಕಿತು. ಈಗ ಬಳಸುವುದು ಆ ಬಗೆಯದ್ದೇ. ಪ್ರತಿ ರಾತ್ರಿ ಮಲಗುವ ಮೊದಲು ಸಣ್ಣ ಸೂಜಿಯಲ್ಲಿ ತೊಡೆಗೋ ಹೊಟ್ಟೆಗೋ, ವರ್ಷಗಟ್ಟಲೆ. ಮೊದಲ ವರ್ಷ 8ರಿಂದ 10 ಸೆಂ.ಮೀ. ಏರಿ ಮನೆಯವರ ಕಣ್ಣಲ್ಲಿ ನೀರು ತರಿಸುತ್ತದೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನಮ್ಮ ಕರಾವಳಿಯ ಜೂನ್ ಜುಲೈಯಲ್ಲಿ ಗಾಳಿಮಳೆಗೆ ಕರೆಂಟ್ ಹೋದರೆ ಎರಡು ದಿನ ಬಾರದ ಊರುಗಳಿವೆ, ಅಲ್ಲಿನವರು ಐಸ್ ಡಬ್ಬಿಯ ಏರ್ಪಾಡು ಮೊದಲೇ ಮಾಡಿಕೊಳ್ಳಬೇಕು. ಮಗು ಕುಂಟಿದರೆ, ಸೊಂಟ ಮೊಣಕಾಲು ನೋವೆಂದರೆ, ಬಿಡದ ತಲೆನೋವು ಬಂದರೆ ಕೂಡಲೇ ತಿಳಿಸಬೇಕು.

ಕೊರತೆ ಇಲ್ಲದ ಗಿಡ್ಡ ಮಗುವಿಗೆ ಕೊಟ್ಟರೆ? ನಾಲ್ಕೈದು ವರ್ಷ ರಾತ್ರಿ ರಾತ್ರಿ ಚುಚ್ಚಿ, ಲಕ್ಷಗಟ್ಟಲೆ ಸುರಿದು, ಸರಾಸರಿ ಸಿಗುವುದು 4ರಿಂದ 5 ಸೆಂ.ಮೀ. ಅಪ್ಪನ ಹಾಗೆ ತಾನಾಗಿ ಬೆಳೆಯಲಿರುವ ಹುಡುಗನಿಗೆ ಅದನ್ನು ಕೊಡಿಸಿ ಎಂದು ನಾನು ಹೇಳುವುದಿಲ್ಲ. ಎತ್ತರದ ಪುಡಿಗಳಂತೂ ಬೇಡವೇ ಬೇಡ. ಅವುಗಳಲ್ಲಿರುವ ಸಕ್ಕರೆಗೆ ಬದಲು ಒಂದು ಮೊಟ್ಟೆ, ಹೆಸರುಕಾಳು, ಒಂದು ಲೋಟ ಹಾಲು, ಮೀನು ತಿನ್ನುವ ಮನೆಯಾದರೆ ನಾಲ್ಕು ಬೂತಾಯಿ ಸಾಕು. ರಾಡಿಗೆ ನೇತಾಡುವುದರಿಂದ ಮೂಳೆ ಉದ್ದವಾಗುವುದಿಲ್ಲ. ನಿದ್ದೆ ಮುಖ್ಯ, ಆದರೆ ವರ್ಷಕ್ಕೆ ನಾಲ್ಕು ರಾತ್ರಿ ಬಯಲಾಟ ನೋಡಿದರೆ ಬೆಳವಣಿಗೆ ನಿಲ್ಲುತ್ತದೆ ಎಂದು ಹೆದರಿಸಬೇಡಿ.

ಒಂದು ವಿಷಯ ಬೇಸರದಿಂದಲೇ ಹೇಳುತ್ತೇನೆ. ಗಿಡ್ಡ ಎಂದು ನನ್ನ ಬಳಿ ಬರುವವರಲ್ಲಿ ಹುಡುಗರೇ ಜಾಸ್ತಿ. ಹುಡುಗಿ ಗಿಡ್ಡ ಇದ್ದರೆ “ಪರವಾಗಿಲ್ಲ, ಗಂಡು ಸಿಗುವುದು ಸುಲಭ” ಎನ್ನುತ್ತಾರೆ, ಉದ್ದ ಇದ್ದರೆ ಖುಷಿಪಡುತ್ತಾರೆ, ಎರಡರಲ್ಲೂ ಪರೀಕ್ಷೆ ಆಗುವುದಿಲ್ಲ. ಹುಟ್ಟುವ ಹೆಣ್ಣುಮಕ್ಕಳಲ್ಲಿ ಸುಮಾರು 2,500ಕ್ಕೆ ಒಬ್ಬಳಿಗೆ ಟರ್ನರ್ ಸಿಂಡ್ರೋಮ್ ಇರುತ್ತದೆ, ಎರಡು ಎಕ್ಸ್ ಕ್ರೋಮೋಸೋಮಿನ ಬದಲು ಒಂದೇ ಇರುವ, ಅಥವಾ ಎರಡನೆಯದು ಅರೆಬರೆ ಇರುವ ಸ್ಥಿತಿ. ಅನೇಕರಲ್ಲಿ ಚಿಕ್ಕಂದಿನಲ್ಲಿ ಕಾಣುವ ಗುರುತು ಗಿಡ್ಡತನ ಒಂದೇ. ಹೃದಯವನ್ನೂ ನೋಡಬೇಕಾದ ಕಾಯಿಲೆ ಅದು. ಆರನೇ ವರ್ಷಕ್ಕೆ ಗೊತ್ತಾದರೆ ಗ್ರೋತ್ ಹಾರ್ಮೋನಿನಿಂದ ಒಳ್ಳೆಯ ಎತ್ತರ ಸಿಗುತ್ತದೆ. ಹದಿನಾರಕ್ಕೆ ‘ಇನ್ನೂ ದೊಡ್ಡವಳಾಗಲಿಲ್ಲ’ ಎಂದು ಬಂದಾಗ ಆ ಅವಕಾಶದ ಬಹುಪಾಲು ಹೋಗಿರುತ್ತದೆ. ‘ದೊಡ್ಡವಳಾದ ಮೇಲೆ ಉದ್ದ ಆಗುತ್ತಾಳೆ’ ಎಂಬ ಮಾತೂ ತಿರುಗಾಮುರುಗಾ. ಮುಟ್ಟು ಶುರುವಾಗುವಾಗ ಓಟ ಮುಗಿಯುತ್ತಾ ಬಂದಿರುತ್ತದೆ, ಆಮೇಲೆ ಸಿಗುವುದು ಸಾಮಾನ್ಯವಾಗಿ 5ರಿಂದ 7 ಸೆಂ.ಮೀ.

ಮನೆಯಲ್ಲಿ ಅಳೆಯುವುದಾದರೆ ದಾರಂದಕ್ಕಲ್ಲ, ಸಮತಟ್ಟಾದ ಗೋಡೆಗೆ ಒರಗಿಸಿ. ಬರಿಗಾಲು, ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಿರಲಿ, ನೋಟ ನೇರ ಇರಲಿ. ತಲೆಯ ಮೇಲೆ ದಪ್ಪ ಪುಸ್ತಕವನ್ನು ಗೋಡೆಗೆ ಮಟ್ಟವಾಗಿ ಒತ್ತಿ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಕು. ಬೆಳಿಗ್ಗೆಯೇ ಅಳೆಯಿರಿ, ಸಂಜೆಗೆ ಬೆನ್ನೆಲುಬಿನ ಮೆತ್ತೆಗಳು ಕುಗ್ಗಿ ಒಂದು ಸೆಂ.ಮೀ.ವರೆಗೆ ಕಡಿಮೆ ಬರಬಹುದು. ನಿಮ್ಮದು ಮಲ್ಲಿಗೆಯ ಊರು: ನಡುನೆತ್ತಿಯ ಜುಟ್ಟು, ಅದರ ಸುತ್ತ ಒಂದು ಅಟ್ಟೆ ಹೂವು ಇಟ್ಟು ಕರೆದುಕೊಂಡು ಬಂದರೆ ಒಂದಿಂಚು ಅಲ್ಲೇ ಹೆಚ್ಚು. ಹೂವು ಬಿಚ್ಚಿಸುವುದು ಎಂದರೆ ಮಕ್ಕಳಿಗೆ ದುಃಖ, ವಾಪಸ್ ಕಟ್ಟಿಕೊಡುತ್ತೇವೆ ಎಂದು ನಮ್ಮ ಸಿಸ್ಟರ್ ಮೊದಲೇ ಮಾತು ಕೊಡುತ್ತಾರೆ. ಆರು ತಿಂಗಳಿಗೊಮ್ಮೆ ಸಾಕು, ವಾರ ವಾರ ನಿಲ್ಲಿಸಿ ಮಗುವನ್ನು ಪೀಡಿಸಬೇಡಿ. ಬೆಳವಣಿಗೆ ನಿಂತದ್ದರ ಜೊತೆ ಬೆಳಗಿನ ತಲೆನೋವು ವಾಂತಿ, ಮಸುಕಾಗುವ ಕಣ್ಣು, ವಿಪರೀತ ಬಾಯಾರಿಕೆ ಮೂತ್ರ, ಇವು ಇದ್ದರೆ ಮಾತ್ರ ಅದೇ ವಾರ ಬನ್ನಿ. ಪಿಟ್ಯುಟರಿಯ ಬಳಿ ಗಡ್ಡೆ ಇರುವ ಸಾಧ್ಯತೆ ನೋಡಬೇಕು.

ನಿಮಗೆ ಮಣಿಪಾಲ ಹತ್ತಿರ, ಮಂಗಳೂರೂ ದೂರವಲ್ಲ. ಎರಡೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ಎಲ್ಲ ಪರೀಕ್ಷೆ ಆಗುತ್ತದೆ. ಹೋಗುವಾಗ ಇಬ್ಬರ ಶಾಲೆಯ ಆರೋಗ್ಯ ಕಾರ್ಡು, ಹುಟ್ಟಿದಾಗಿನ ತೂಕ ಬರೆದ ತಾಯಿ ಕಾರ್ಡು, ತೆಗೆದುಕೊಳ್ಳುವ ಔಷಧಿಗಳ ಚೀಟಿ ಇರಲಿ. ನೀವು ಎಷ್ಟನೇ ವಯಸ್ಸಿಗೆ ದೊಡ್ಡವರಾದಿರಿ, ಅತ್ತೆ, ನಾದಿನಿಯರು ಎಷ್ಟಕ್ಕೆ ಎಂದು ಕೇಳಿಟ್ಟುಕೊಳ್ಳಿ, ಆ ಪ್ರಶ್ನೆ ಖಂಡಿತ ಬರುತ್ತದೆ. ಮಗಳಿಗೆ ಹೊರಡುವ ಮೊದಲು ನೀವೇ ಹೇಳಿ: ನಿನ್ನ ಮೈ ಸ್ವಲ್ಪ ಬೇಗ ದೊಡ್ಡದಾಗುತ್ತಿದೆ, ಎಲ್ಲ ಹುಡುಗಿಯರಿಗೂ ಆಗುವುದೇ, ಡಾಕ್ಟರ್ ನೋಡುವಾಗ ಅಮ್ಮ ಪಕ್ಕದಲ್ಲೇ ಇರುತ್ತೇನೆ. ಉದ್ದ ಇದ್ದರೂ ಅವಳಿಗೆ ಏಳು ವರ್ಷ, ಅವಳಿಂದ ಹತ್ತರವಳ ಬುದ್ಧಿ ಬಯಸಬೇಡಿ ಎಂದು ಅವಳ ಟೀಚರಿಗೂ ಒಂದು ಮಾತು ಹೇಳಿ. ಸರದಿಯ ಚೀಟಿ ಮಾಡಿಸುವಾಗ ಅವಳ ಹೆಸರು ಮೊದಲು ಬರೆಸಿ, ಅಣ್ಣನದ್ದು ಆಮೇಲೆ.